ವಂಶವೃಕ್ಷವೂ ಊಟದ ವಿವರವೂ ಒಂದೇ ಹಾಳೆಯಲ್ಲಿ: ದೊಡ್ಡಕರುಳಿನ ಕ್ಯಾನ್ಸರ್ ಕುರಿತು ನನ್ನ ಅನುಭವ

ಹಾಸನದಲ್ಲಿ ಹೊಟ್ಟೆ ಮತ್ತು ಕರುಳಿನ ರೋಗಗಳಿಗೆ ಚಿಕಿತ್ಸೆ ನೀಡುವ ನಾನು, ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಬರುವ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಹಾಳೆ ತೆರೆಯುತ್ತೇನೆ. ಅದರ ಎಡಭಾಗದಲ್ಲಿ ಮೂರು ತಲೆಮಾರಿನ ವಂಶವೃಕ್ಷವಿರುತ್ತದೆ. ಬಲಭಾಗದಲ್ಲಿ ಅವರು ಯಾವ ಮಾಂಸವನ್ನು, ವಾರಕ್ಕೆ ಎಷ್ಟು ಸಲ, ಹೇಗೆ ಬೇಯಿಸಿ ತಿನ್ನುತ್ತಾರೆ ಎಂಬ ವಿವರವಿರುತ್ತದೆ. ಹುಟ್ಟಿನಿಂದ ಬಂದದ್ದೂ ತಟ್ಟೆಯಿಂದ ಬಂದದ್ದೂ ಕರುಳಿನ ಒಂದೇ ಜೀವಕೋಶದಲ್ಲಿ ಕೂಡಿ ಕೆಲಸ ಮಾಡುವುದರಿಂದ ಎರಡನ್ನೂ ಒಟ್ಟಿಗೆ ಬರೆದುಕೊಳ್ಳುತ್ತೇನೆ.

ಬಲಭಾಗವನ್ನು ತುಂಬುವಾಗ ‘ಮಾಂಸ ತಿನ್ನುತ್ತೀರಾ’ ಎಂದು ಕೇಳಿ ಸುಮ್ಮನಾದರೆ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರ ಅಕ್ಟೋಬರಿನಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೂ, ಕುರಿ, ಆಡು, ಹಂದಿ, ದನ ಮುಂತಾದವುಗಳ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೂ ಸೇರಿಸಿತು. ಸಂಸ್ಕರಿತ ಎಂದೊಡನೆ ನಮ್ಮವರು ಪೇಟೆಯ ಸಾಸೇಜನ್ನು ನೆನೆಯುತ್ತಾರೆ. ಆದರೆ ಉಪ್ಪು ಹಚ್ಚಿ ಒಣಗಿಸಿದ, ಒಲೆಯ ಮೇಲೆ ತೂಗುಹಾಕಿ ಹೊಗೆ ಹಿಡಿಸಿದ ಉಪ್ಪುಕಂಡವೂ ಅದೇ ವ್ಯಾಖ್ಯೆಯೊಳಗೆ ಬರುತ್ತದೆ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿನ್ನುವವರಲ್ಲಿ ಅಪಾಯ ಸುಮಾರು ಶೇಕಡಾ 18ರಷ್ಟು ಹೆಚ್ಚು ಎಂಬ ಅಂಕಿಯನ್ನು ನಾನು ಹಾಗೆಯೇ ಹೇಳಿ ಯಾರನ್ನೂ ಹೆದರಿಸುವುದಿಲ್ಲ. ನೂರು ಜನರಲ್ಲಿ ಐವರಿಗೆ ಬರುವ ಕಡೆ ಸುಮಾರು ಆರು ಜನರಿಗೆ ಬರುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ವರ್ಷಕ್ಕೆ ನಾಲ್ಕಾರು ಬೀಗರೂಟ ಉಣ್ಣುವವರಿಗೆ ಈ ಲೆಕ್ಕ ಅನ್ವಯಿಸುವುದೇ ಇಲ್ಲ ಎಂಬುದನ್ನೂ ಸೇರಿಸುತ್ತೇನೆ.

ಬೇಯಿಸುವ ವಿಧಾನವನ್ನು ಕೇಳುವುದಕ್ಕೂ ಕಾರಣವಿದೆ. ಕೆಂಪು ಮಾಂಸದ ಹೀಮ್ ಎಂಬ ಕಬ್ಬಿಣಯುಕ್ತ ಅಂಶವು ಕರುಳಿನಲ್ಲಿ ಡಿಎನ್‌ಎಗೆ ಪೆಟ್ಟು ಕೊಡುವ ನೈಟ್ರೋಸೋ ಸಂಯುಕ್ತಗಳು ಹೆಚ್ಚುವಂತೆ ಮಾಡುತ್ತದೆ. ಕೆಂಡದ ಮೇಲೆ ಸುಟ್ಟಾಗ ಅಥವಾ ಕಾವಲಿಯಲ್ಲಿ ಕರಕಲಾಗುವಂತೆ ಹುರಿದಾಗ ಅಂಥದೇ ಪೆಟ್ಟು ಕೊಡುವ ಹೆಟೆರೋಸೈಕ್ಲಿಕ್ ಅಮೈನುಗಳು ಹುಟ್ಟುತ್ತವೆ. ನೀರಿನಲ್ಲಿ ಬೇಯುವ ಸಾರಿನಲ್ಲಿ ಅವು ಬಹಳ ಕಡಿಮೆ. ಈ ಅಮೈನುಗಳನ್ನು ದೇಹದೊಳಗೆ ಮಾರ್ಪಡಿಸುವ ಎನ್‌ಎಟಿ2, ಸಿವೈಪಿ1ಎ2 ಎಂಬ ಕಿಣ್ವಗಳ ವೇಗವು ವಂಶವಾಹಿಗೆ ತಕ್ಕಂತೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. 2014ರ ಒಂದು ದೊಡ್ಡ ಅಧ್ಯಯನವು ಹತ್ತನೆಯ ವರ್ಣತಂತುವಿನಲ್ಲಿ ಜಿಎಟಿಎ3 ಎಂಬ ವಂಶವಾಹಿಯ ಬಳಿ ಡಿಎನ್‌ಎಯ ಒಂದು ಭಿನ್ನ ರೂಪವುಳ್ಳವರಿಗೆ ಸಂಸ್ಕರಿತ ಮಾಂಸದಿಂದ ಅಪಾಯ ಹೆಚ್ಚೆಂದು ತೋರಿಸಿತು. 2024ರ ಇನ್ನೊಂದು ಅಧ್ಯಯನದಿಂದ ಎಚ್‌ಎಎಸ್2, ಎಸ್‌ಎಂಎಡಿ7 ಎಂಬ ವಂಶವಾಹಿಗಳ ಹೆಸರೂ ಸೇರಿತು. ಈ ಎರಡು ಅಧ್ಯಯನಗಳೂ ಯುರೋಪ್ ಮೂಲದವರ ಮೇಲೆ ನಡೆದವು. ಅಪಾಯದಲ್ಲಿ ಅವು ಕಂಡ ಏರಿಕೆಯೂ ಸಣ್ಣದು. ಆದ್ದರಿಂದ ಇಂಥ ರೂಪಗಳಿಗಾಗಿ ನಾನು ಯಾರಿಗೂ ರಕ್ತಪರೀಕ್ಷೆ ಬರೆದುಕೊಡುವುದಿಲ್ಲ. ವಾರಕ್ಕೆ ಮೂರು ಸಲ ಮೀರದಂತೆ ಕೆಂಪು ಮಾಂಸ, ಉಪ್ಪುಕಂಡ ಆದಷ್ಟು ಅಪರೂಪ, ಮುದ್ದೆ, ಸೊಪ್ಪು, ಕಾಳು ನಿತ್ಯ ಎಂಬ ಸಲಹೆಗೆ ಯಾವ ಪರೀಕ್ಷೆಯೂ ಬೇಕಿಲ್ಲ.

ಎಡಭಾಗದ ಮಾತೇ ಬೇರೆ. ಸಕಲೇಶಪುರದ ಕಡೆಯ, ನಲವತ್ತು ದಾಟಿದ ಕಾಫಿ ಬೆಳೆಗಾರರೊಬ್ಬರು ಮೂಲವ್ಯಾಧಿ ಎಂದುಕೊಂಡು ಬಂದಿದ್ದರು. ತಂದೆ ಹೇಗೆ ತೀರಿಕೊಂಡರು ಎಂದರೆ ‘ಹೊಟ್ಟೆಲಿ ಗಡ್ಡೆ ಆಗಿತ್ತಂತೆ’ ಎಂದರು, ವಯಸ್ಸು ಐವತ್ತರೊಳಗೆ. ಸೋದರತ್ತೆಯ ಬಗ್ಗೆ ಕೇಳಿದಾಗ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂಬ ಮುಖದಲ್ಲಿ, ಗರ್ಭಕೋಶದ ಕ್ಯಾನ್ಸರ್ ಎಂದರು. ನನ್ನ ಪೆನ್ನು ನಿಂತದ್ದು ಅಲ್ಲಿಯೇ. ಎಳೆಯ ವಯಸ್ಸಿನ ಕರುಳಿನ ಗಡ್ಡೆ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಒಂದೇ ರಕ್ತಸಂಬಂಧದಲ್ಲಿ ಕಂಡರೆ, ಡಿಎನ್‌ಎ ದುರಸ್ತಿಯ ವಂಶವಾಹಿಯೊಂದು ಹುಟ್ಟಿನಿಂದಲೇ ಕೆಟ್ಟಿರುವ ಲಿಂಚ್ ಸಿಂಡ್ರೋಮ್ ಅನ್ನು ಶಂಕಿಸಲೇಬೇಕು. ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ಬಲಗಡೆಯ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಅದರ ತುಣುಕಿನಲ್ಲಿ ಡಿಎನ್‌ಎ ದುರಸ್ತಿಯ ನಾಲ್ಕು ಪ್ರೊಟೀನುಗಳನ್ನು ನೋಡಲು ಪೆಥಾಲಜಿಯವರಿಗೆ ಬರೆದೆ. ಅವುಗಳಲ್ಲಿ ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಕಾಣಲಿಲ್ಲ. ರಕ್ತಪರೀಕ್ಷೆಯಲ್ಲಿ ಎಂಎಸ್‌ಎಚ್2 ವಂಶವಾಹಿಯ ದೋಷ ದೃಢಪಟ್ಟಿತು.

ಶಸ್ತ್ರಚಿಕಿತ್ಸೆಯ ನಂತರ ಅವರ ತಮ್ಮನನ್ನು ಕರೆಸಿ ಪರೀಕ್ಷಿಸಿದಾಗ ಅದೇ ದೋಷ ತಮ್ಮನಲ್ಲೂ ಇತ್ತು. ‘ನಾನು ಬಾಡು ಬಿಟ್ಬಿಡ್ತೀನಿ ಡಾಕ್ಟ್ರೇ, ಆ ಪೈಪು ಹಾಕೋದೊಂದು ಬೇಡ’ ಎಂದು ಅವರು ಬೇಡಿಕೊಂಡರು. ಈ ಮಾತನ್ನು ಇಂಥ ಮನೆತನಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ, ಪ್ರತಿಸಲವೂ ಕೂತು ಉತ್ತರಿಸುತ್ತೇನೆ. ಮಾಂಸ ಕಡಿಮೆ ಮಾಡಿದರೆ ಡಿಎನ್‌ಎಗೆ ಬೀಳುವ ಪೆಟ್ಟು ಕಡಿಮೆಯಾಗಬಹುದು. ಆದರೆ ಪೆಟ್ಟನ್ನು ಸರಿಪಡಿಸುವ ಪ್ರೊಟೀನೇ ಇಲ್ಲವಾದ ಜೀವಕೋಶಕ್ಕೆ ಅದನ್ನು ಮರಳಿ ತಂದುಕೊಡುವ ಊಟ ಯಾವುದೂ ಇಲ್ಲ. ಸಾಮಾನ್ಯವಾಗಿ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು, ಕ್ಯಾನ್ಸರ್ ಆಗಲು ಹತ್ತು ವರ್ಷ ಹಿಡಿದರೆ, ಲಿಂಚ್ ಇರುವವರಲ್ಲಿ ಎರಡು ಮೂರು ವರ್ಷ ಸಾಕು. ಆದ್ದರಿಂದಲೇ ಇಪ್ಪತ್ತು–ಇಪ್ಪತ್ತೈದರ ವಯಸ್ಸಿನಿಂದ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಆಗಬೇಕು. ಅವರು ಒಪ್ಪಿದರು, ಮೊದಲ ಸಲವೇ ಒಂದು ಪಾಲಿಪ್ ತೆಗೆದೆವು.

ನಮ್ಮ ಸೀಮೆಯಲ್ಲಿ ವಂಶವೃಕ್ಷ ಬರೆಯುವಾಗ ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾದ ಗೆರೆಗಳನ್ನು ಜೋಡಿಗೆರೆಯಾಗಿ ಗುರುತಿಸುತ್ತೇನೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷವಿದ್ದು ಮಗುವಿಗೆ ಎರಡೂ ಕಡೆಯಿಂದ ಬಂದರೆ, ಬಾಲ್ಯದಲ್ಲಿಯೇ ಮೆದುಳು, ರಕ್ತ ಮತ್ತು ಕರುಳಿನ ಕ್ಯಾನ್ಸರ್ ಬರುವ ಸಂಭವವಿದೆ.

ಆ ಕಾಫಿ ಬೆಳೆಗಾರರ ತಂಗಿಯಲ್ಲಿ ದೋಷ ಇರಲಿಲ್ಲ. ದೋಷವುಳ್ಳ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬಾರದಿದ್ದರೆ ಆ ಮಗುವಿನ ಮಕ್ಕಳಿಗೂ ಆ ಕಡೆಯಿಂದ ದಾಟುವುದಿಲ್ಲವಾದ್ದರಿಂದ, ಆಕೆಯ ಮಕ್ಕಳಿಗೆ ಈ ಪರೀಕ್ಷೆ ಬೇಡವೆಂದು ಬರೆದುಕೊಟ್ಟು, ಆಕೆಯ ಹಾಳೆಯಲ್ಲಿ ಊಟದ ಸಲಹೆಯನ್ನಷ್ಟೇ ಉಳಿಸಿದೆ.