ಗೇರುಬೀಜಕ್ಕೆ ಅಡಕತ್ತರಿ ಹಾಕಬೇಡಿ ಮಾರಾಯ್ರೆ

ಸುಮ್ನಿರೋಣ ಅಂದುಕೊಂಡಿದ್ದೆ, ಈ ಸಲ ಆಗಲಿಲ್ಲ. ರಜೆಗೆ ಬಂದ ತಂಗಿ ಮಗ ಹಿತ್ತಿಲಲ್ಲಿ ಬಿದ್ದ ಗೇರುಬೀಜ ಆರಿಸಿ ತಂದು, ಹಸಿಯದನ್ನೇ ಎಲೆಯಡಿಕೆ ತಟ್ಟೆಯ ಅಡಕತ್ತರಿಗೆ ಕೊಟ್ಟು ಕಚಕ್ ಅನ್ನಿಸಿದ. ಸೊನೆ ಚಿಮ್ಮಿತು, ಬೆರಳ ತುಂಬಾ ಬೊಕ್ಕೆ. ಸಾಲದ್ದಕ್ಕೆ ಅಡಕತ್ತರಿ ತೊಳೆಯದೆ ಹಾಗೇ ಇಟ್ಟಿದ್ದಾನೆ. ಸಂಜೆ ನಮ್ಮನೆಯವರು ಅದರಲ್ಲೇ ಅಡಿಕೆ ಹೋಳು ಮಾಡಿ ಕವಳ ಹಾಕಿಕೊಂಡು ತುಟಿ ಊದಿಸಿಕೊಂಡರು. ಬೈದರೆ "ದೊಡ್ಡಮ್ಮ, ವಿಡಿಯೋದಲ್ಲಿ ಹೀಗೇ ಕತ್ತರಿಸ್ತಾರೆ" ಅಂತಾನೆ. ಕತ್ತರಿಸ್ತಾರೆ ಕಣೋ, ಕಾರ್ಖಾನೆಯಲ್ಲಿ. ಅಲ್ಲಿ ಮೊದಲು ಹಬೆಯಲ್ಲಿ ಬೇಯಿಸಿರ್ತಾರೆ.

ಗೇರಿನ ಸಿಪ್ಪೆ ಒಂದೇ ಪದರ ಅಲ್ಲ. ಹೊರಗೊಂದು, ಒಳಗೊಂದು, ನಡುವೆ ಜೇನುಗೂಡಿನ ಹಾಗೆ ತೂತು ತೂತು, ಅದರ ತುಂಬಾ ಸುಡುವ ಎಣ್ಣೆ. ಮಾವಿನ ಸೊನೆ ತಾಗಿದರೆ ಮೈ ಏಳುತ್ತದಲ್ವಾ, ಇದೂ ಅದೇ ಜಾತಿ, ಇನ್ನೂ ಖಾರ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗುಡ್ಡೆಗೇರೂ ಇದರ ನೆಂಟನೇ. ಗೋಡಂಬಿ ಗೇರು ಪೋರ್ಚುಗೀಸರು ಬ್ರೆಜಿಲ್ ಕಡೆಯಿಂದ ತಂದದ್ದು, ನಮ್ಮ ಗುಡ್ಡೆಗೇರು ಮೊದಲಿಂದ ಇಲ್ಲೇ ಇದ್ದದ್ದು.

ಬೀಜ ಎರಡು ಮೂರು ಬಿಸಿಲು ಚೆನ್ನಾಗಿ ಒಣಗಲಿ. ಹಳೇ ಎಣ್ಣೆ ಡಬ್ಬ ಕತ್ತರಿಸಿ, ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಅಂಗಳದಾಚೆ ಮೂರು ಕಲ್ಲಿಟ್ಟು ಸೋಗೆ ಬೆಂಕಿ ಮಾಡಿ ಹುರಿಯಬೇಕು. ಅಡುಗೆಮನೆಯ ಗ್ಯಾಸ್ ಮೇಲೆ ಖಂಡಿತ ಬೇಡ. ಆ ಹೊಗೆ ಕಣ್ಣಿಗೂ ಎದೆಗೂ ಆಗುವುದಿಲ್ಲ, ನಮ್ಮ ಸೊಸೆ ಒಮ್ಮೆ ಮಾಡಿ ಮನೆಮಂದಿಯೆಲ್ಲ ಜಗುಲಿಯಲ್ಲಿ ಊಟ ಮಾಡಿದ್ದಾಯಿತು. ಗಾಳಿ ಬೆನ್ನ ಕಡೆಯಿಂದ ಬೀಸುವ ಹಾಗೆ ನಿಲ್ಲಿ, ಕೈಗೆ ಮೊಣಕೈವರೆಗೂ ತೆಂಗಿನೆಣ್ಣೆ ಹಚ್ಚಿ, ಉದ್ದದ ಅಡಿಕೆ ದಬ್ಬೆಯಲ್ಲಿ ಬಿಡದೆ ತಿರುವಿ. ಎಣ್ಣೆ ಬಿಟ್ಟುಕೊಂಡು ಭಗ್ ಅಂತ ಹೊತ್ತಿಕೊಳ್ಳುತ್ತದೆ, ಹೆದರಬೇಡಿ. ನೀರು ಮಾತ್ರ ಹೊಯ್ಯಬೇಡಿ, ಸಿಡಿಯುತ್ತದೆ. ಸಿಪ್ಪೆ ಕಪ್ಪಗೆ ಉಬ್ಬಿ ಮಿಂಚಿದ ಕೂಡಲೇ ಡಬ್ಬವನ್ನು ದಬ್ಬೆಯಿಂದಲೇ ಉರುಳಿಸಿಬಿಡಿ. ಆಚೀಚೆ ನೋಡುತ್ತಾ ನಿಂತರೆ ಇದ್ದಿಲು ತಿನ್ನಬೇಕಾಗುತ್ತದೆ.

ಇನ್ನು ಬೂದಿ. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಯಾರ ಮನೆಯಲ್ಲೂ ಬೀಜ ಇಡಿಯಾಗಿ ಬರುವುದಿಲ್ಲ! ನಮ್ಮತ್ತೆ ಇದಕ್ಕೆಂದೇ ಒಲೆಯ ಬೂದಿಯನ್ನು ಹಳೇ ಪಂಚೆಯಲ್ಲಿ ಜರಡಿ ಹಿಡಿದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು, ಪಾತ್ರೆ ತಿಕ್ಕಲಿಕ್ಕೆ ಅದರಲ್ಲಿ ಒಂದು ಹಿಡಿ ತೆಗೆದರೂ ಗೊತ್ತಾಗಿ ಕೂಗುತ್ತಿದ್ದರು. ಉರುಳಿಸಿದ ಬೀಜದ ಮೇಲೆ ಈ ಬೂದಿಯನ್ನು ಧಾರಾಳ ಸುರಿಯಬೇಕು. ಬೆಂಕಿ ಆರುತ್ತದೆ, ಮೇಲಿನ ಎಣ್ಣೆಯೆಲ್ಲ ಅದೇ ಕುಡಿದುಕೊಳ್ಳುತ್ತದೆ. ಪೂರ್ತಿ ತಣಿದ ಮೇಲೆ ಮತ್ತೊಮ್ಮೆ ಹೊಸ ಬೂದಿಯಲ್ಲಿ ಹೊರಳಿಸಿ. ಹಿಡಿದರೆ ಬೆರಳಿಗೆ ಜಾರಬಾರದು, ಮೆತ್ತಿಕೊಳ್ಳಲೂಬಾರದು, ಒಣ ಬೆಣಚುಕಲ್ಲು ಹಿಡಿದ ಹಾಗೆ ಇರಬೇಕು. ಆಗ ಚಪ್ಪಟೆ ಕಲ್ಲಿನ ಮೇಲೆ ಬೀಜವನ್ನು ಮಲಗಿಸದೆ, ಉಬ್ಬಿದ ಬೆನ್ನು ಮೇಲಾಗಿ ನಿಲ್ಲಿಸಿ ಸಣ್ಣ ಮರದ ಕೊಡತಿಯಲ್ಲಿ ಟಕ್ ಅನ್ನಿಸಿ. ಒಂದೇ ಪೆಟ್ಟಿಗೆ ಒಡೆಯುವ ಹಟ ಬೇಡ. ತಿರುಗಿಸಿ ಇನ್ನೊಂದು ಟಕ್. ಸದ್ದು ಗಟ್ಟಿಯಿಂದ ಟೊಳ್ಳಿಗೆ ತಿರುಗುತ್ತದೆ, ಕಿವಿಗೇ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ ಉಗುರಲ್ಲಿ ಬಿಡಿಸಿದರೆ ಬೀಜ ಇಡಿಯಾಗಿ ಕೈಗೆ ಬರುತ್ತದೆ. ಅತ್ತೆ ಕಣ್ಣು ಸರಿ ಕಾಣದ ಕಾಲದಲ್ಲೂ ಬರೀ ಸದ್ದಿನ ಮೇಲೆ ಒಡೆಯುತ್ತಿದ್ದರು, ನಾನು ಎದುರು ಕೂತು ಹೋಳು ಮಾಡಿಕೊಂಡು ಮೆಲ್ಲಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒಳಗಿನ ಕೆಂಪು ಹೊಟ್ಟು ಒಂದು ಬಿಸಿಲು ಕಾಯಿಸಿ ಅಂಗೈಯಲ್ಲಿ ಉಜ್ಜಿದರೆ ಹೋಗುತ್ತದೆ.

ಬೂದಿ ಬಳಿಯುವಾಗ ನೆನಪಾಯಿತು, ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ ಇಟ್ಟಿದ್ದೀರೋ ಇಲ್ಲವೋ? ಆಮೇಲೆ ಮಳೆಗಾಲದಲ್ಲಿ ಸಾರಿಗೆ ಏನೂ ಇಲ್ಲ ಅಂತ ನನ್ನ ಹತ್ತಿರ ಬರಬೇಡಿ, ನಾನು ಕೊಡುವುದಿಲ್ಲ.

ಪೇಟೆಯಿಂದ ತರುವ ಆಕ್ರೋಟನ್ನು ಬಾಗಿಲ ಸಂದಿಗೆ ಕೊಟ್ಟು ಬಾಗಿಲು ಹಾಳು ಮಾಡುವವರೂ ಇದ್ದಾರೆ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಎರಡು ಹೋಳು ಸೇರುವ ಗೆರೆಗೆ ಚಾಕುವಿನ ತುದಿ ಕೊಟ್ಟು ತಿರುಚಿ, ಸಾಕು.

ಒಡೆದ ಗೇರು ಸಿಪ್ಪೆ ಎಸೆಯಬೇಡಿ, ಬಚ್ಚಲ ಒಲೆಗೆ ನಾಲ್ಕು ಹಾಕಿದರೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳುತ್ತದೆ. ಒಳಗೆ ಯಾರಾದರೂ ಸ್ನಾನಕ್ಕೆ ಹೋಗಿದ್ದಾರಾ ಅಂತ ಮೊದಲು ಕೂಗಿ ಕೇಳಿ.