ಮುಚ್ಚಳ ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್: ನನ್ನ ಅನುಭವ

ಲಿನಕ್ಸ್ ಹಾಕಿದ ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪನ್ನು ಮುಚ್ಚಿಟ್ಟು ನಮ್ಮ ಫೋಟೋ ಸ್ಟುಡಿಯೋಗೆ ಸರ್ವರ್ ಮಾಡುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. "ಮುಚ್ಚಿದ್ರೆ ಮಲಗುತ್ತೆ, ತೆರೆದಿಟ್ರೆ ಧೂಳು ತಿನ್ನುತ್ತೆ, ಬೇಡ ಮಾರಾಯ" ಅಂದರು. ಈಗ ಎರಡು ಮಳೆಗಾಲ ದಾಟಿದೆ. ಮದುವೆ ಫೋಟೋಗಳೆಲ್ಲ ಅದರಲ್ಲೇ ಇವೆ.

ಮೊದಲು ಡೆಸ್ಕ್‌ಟಾಪ್ ಇತ್ತು, ಜೊತೆಗೊಂದು ಯುಪಿಎಸ್. ಶಿರಸಿಯ ಮಳೆಗಾಲ ಗೊತ್ತಲ್ಲ, ತಂತಿ ಮೇಲೆ ಕೊಂಬೆ ಬಿದ್ದರೆ ಕರೆಂಟು ಯಾವಾಗ ಬರುತ್ತೋ ಹೇಳೋಕಾಗಲ್ಲ. ಯುಪಿಎಸ್ ಬ್ಯಾಟರಿಗೆ ಆಗಾಗ ಸಾವಿರದ ಮೇಲೆ ಹೋಗುತ್ತಿತ್ತು. ಈ ಲ್ಯಾಪ್‌ಟಾಪಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಟ್ಟದ್ದು ಏಳೂವರೆ ಸಾವಿರದ ಆಸುಪಾಸು, ಬ್ಯಾಟರಿ ಒಳಗೇ ಇದೆ. ಡೆಸ್ಕ್‌ಟಾಪ್ ಸುಮಾರು 70 ವಾಟ್ ಎಳೆಯುತ್ತಿತ್ತು, ಇದಕ್ಕೆ 10 ಸಾಕು. ಅಂದರೆ ತಿಂಗಳಿಗೆ 50 ಯೂನಿಟ್ ಇದ್ದದ್ದು 7-8ಕ್ಕೆ ಇಳಿಯಿತು.

ಆದರೆ ಶುರುವಿನಲ್ಲಿ ಬಹಳ ಸತಾಯಿಸಿತು. ಡೆಸ್ಕ್‌ಟಾಪ್ ಸೆಟ್ಟಿಂಗ್ ಬದಲಿಸುವ ಟ್ವೀಕ್ಸ್ ಆಪ್‌ನಲ್ಲಿ 'ಮುಚ್ಚಿದರೆ ಮಲಗು' ಅನ್ನುವ ಸ್ವಿಚ್ ಆಫ್ ಮಾಡಿದರೆ ಲಾಗಿನ್ ಆಗಿರುವಷ್ಟು ಹೊತ್ತು ಮಾತ್ರ ಕೆಲಸ. ರೀಬೂಟ್ ಆಗಿ ಲಾಗಿನ್ ಪರದೆಯಲ್ಲಿ ನಿಂತರೆ ಮತ್ತೆ ನಿದ್ದೆ. ಹಾಗಾಗಿ ಲಾಗಿನ್, ಮುಚ್ಚಳ, ನಿದ್ದೆ ಎಲ್ಲ ನೋಡಿಕೊಳ್ಳುವ ಲಾಗಿನ್‌ಡಿ ಅನ್ನುವ ಸೇವೆಯ ಕಾನ್ಫ್ (ಸೆಟ್ಟಿಂಗ್) ಫೈಲಿಗೇ ಕೈ ಹಾಕಿದೆ. ಅಲ್ಲಿ 'ಹ್ಯಾಂಡಲ್ ಲಿಡ್ ಸ್ವಿಚ್ ಎಕ್ಸ್‌ಟರ್ನಲ್ ಪವರ್' ಅನ್ನುವ ಸಾಲಿಗೆ 'ಇಗ್ನೋರ್' ಕೊಟ್ಟೆ, ಅಂದರೆ ಮುಚ್ಚಿದರೂ ಏನೂ ಮಾಡಬೇಡ ಅಂತ. ಹಗಲೆಲ್ಲ ಚೆನ್ನಾಗಿ ಓಡಿತು. ರಾತ್ರಿ ಕರೆಂಟು ಹೋದ ಕೂಡಲೇ ಮಲಗಿತು! ಆ ಸಾಲು ಚಾರ್ಜರ್ ಇರುವಾಗ ಮಾತ್ರ. ಬ್ಯಾಟರಿಗೆ ಬಂದ ತಕ್ಷಣ ಬರೀ 'ಹ್ಯಾಂಡಲ್ ಲಿಡ್ ಸ್ವಿಚ್' ಸಾಲು ನಡೆಯುತ್ತದೆ, ಅದರ ಡೀಫಾಲ್ಟ್ ಸಸ್ಪೆಂಡ್, ಅಂದರೆ ಮಲಗಿಸುವುದು. ಬ್ಯಾಕಪ್ ಅರ್ಧಕ್ಕೇ ನಿಂತಿತ್ತು.

ಇನ್ನೊಂದು ಮೋಸ ಇದೆ. ಹೊರಗಿನ ಮಾನಿಟರ್ ಸಿಕ್ಕಿಸಿ ಪರೀಕ್ಷೆ ಮಾಡಿದರೆ ಎಲ್ಲಾ ಸರಿಯಾಗಿದೆ ಅನ್ನಿಸುತ್ತದೆ. ಮಾನಿಟರ್ ಇದ್ದರೆ ಲ್ಯಾಪ್‌ಟಾಪ್ ಡಾಕ್ ಆಗಿದೆ (ಮೇಜಿನ ಸ್ಟ್ಯಾಂಡಿಗೆ ಸಿಕ್ಕಿಸಿದೆ) ಅಂತ ಲೆಕ್ಕ, ಡಾಕಿಗೆಂದೇ ಇರುವ ಮೂರನೇ ಸಾಲಿನ ಡೀಫಾಲ್ಟೇ ಇಗ್ನೋರ್. ಮಾನಿಟರ್ ಕಿತ್ತು, ಚಾರ್ಜರ್ ಕಿತ್ತು, ಮುಚ್ಚಿ, ಬೇರೆ ಕಂಪ್ಯೂಟರಿನಿಂದ ಪಿಂಗ್ ಹೊಡೆದು ಉತ್ತರ ಬರುತ್ತದೆಯೇ ನೋಡಬೇಕು. ನಾನು ಕೊನೆಗೆ ಮೂರೂ ಸಾಲಿಗೆ ಇಗ್ನೋರ್ ಹಾಕಿ ರೀಬೂಟ್ ಮಾಡಿದೆ. ಲಾಗಿನ್‌ಡಿಯನ್ನು ಮಾತ್ರ ರೀಸ್ಟಾರ್ಟ್ ಮಾಡಹೋದರೆ ಕೂತಿದ್ದ ಸೆಷನ್ನೇ ಹೊರಗೆ ಬೀಳಬಹುದು.

ಮುಚ್ಚಿದ ಮೇಲೆ ಪರದೆ ಒಳಗೇ ಉರಿಯುತ್ತಿರುತ್ತದೆ, ಅದು ಜಾಸ್ತಿ ಜನರಿಗೆ ಗೊತ್ತಾಗಲ್ಲ. ಗ್ರಾಫಿಕಲ್ ಡೆಸ್ಕ್‌ಟಾಪ್ ತೆಗೆದುಹಾಕಿ, ಲಿನಕ್ಸನ್ನು ಶುರುಮಾಡುವ ಗ್ರಬ್‌ನಲ್ಲಿ 'ಕನ್ಸೋಲ್‌ಬ್ಲ್ಯಾಂಕ್' 60 ಸೆಕೆಂಡ್ ಅಂತ ಕೊಟ್ಟೆ. ನಿಮಿಷಕ್ಕೆ ಪರದೆ ಆರುತ್ತದೆ. ಬಡಗಿಯ ಹತ್ತಿರ ನೂರೈವತ್ತು ರೂಪಾಯಿಗೆ ಮರದ ಗೂಡು ಮಾಡಿಸಿ ಲ್ಯಾಪ್‌ಟಾಪನ್ನು ಅಂಚಿನ ಮೇಲೆ ನಿಲ್ಲಿಸಿದ್ದೇನೆ, ಗಾಳಿ ಕಿಂಡಿ ಮೇಲಕ್ಕೆ. ಏಪ್ರಿಲ್‌ನಲ್ಲೂ ಒಳಗಿನ ಬಿಸಿ 55 ಡಿಗ್ರಿ ದಾಟಿದ್ದು ಕಡಿಮೆ.

ಬ್ಯಾಟರಿ ವಿಷಯದಲ್ಲಿ ಉದಾಸೀನ ಬೇಡ. ಚಾರ್ಜನ್ನು ಸದಾ ಶೇ. 100ರಲ್ಲಿ ಇಟ್ಟರೆ ಊದಿಕೊಳ್ಳಬಹುದು. ಬ್ಯಾಟರಿ ನೋಡಿಕೊಳ್ಳುವ ಟಿಎಲ್‌ಪಿ ಅನ್ನುವ ತಂತ್ರಾಂಶದಲ್ಲಿ 75ಕ್ಕೆ ಚಾರ್ಜ್ ಶುರು, 80ಕ್ಕೆ ನಿಲುಗಡೆ. ಅಷ್ಟರಲ್ಲೇ ಕರೆಂಟಿಲ್ಲದೆ ಮೂರು ಗಂಟೆ ಹತ್ತಿರ ಬರುತ್ತದೆ. ಬ್ಯಾಟರಿ ತಳ ಮುಟ್ಟುವ ಮೊದಲು ಡಿಸ್ಕ್‌ಗಳನ್ನು ಸರದಿಯಲ್ಲಿ ಅನ್‌ಮೌಂಟ್ ಮಾಡಿ (ಸುರಕ್ಷಿತವಾಗಿ ಬಿಡಿಸಿ) ಲ್ಯಾಪ್‌ಟಾಪ್ ಆಫ್ ಮಾಡುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಕೊಡುವುದಿಲ್ಲ, ಕೂತು ಬರೆಸಿದ ಶ್ರಮ ಅದು. ಕರೆಂಟು ಬಂದಾಗ ತಾನೇ ಏಳಲು ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್) 'ಪವರ್ ಆನ್ ವಿತ್ ಎಸಿ ಅಟ್ಯಾಚ್' ಬೇಕು. ಈ ಆಯ್ಕೆ ಇದೆಯೋ ಇಲ್ಲವೋ ನೋಡಿಯೇ ನಾನು ದುಡ್ಡು ಕೊಟ್ಟದ್ದು.

ನಡುವೆ ಇನ್ನೊಂದು ಆಟ. ಬಹಳ ಲ್ಯಾಪ್‌ಟಾಪ್‌ಗಳು ಮುಚ್ಚಳ ಗುರುತಿಸುವುದು ಅಯಸ್ಕಾಂತದಿಂದ. ಫ್ರಿಜ್ಜಿಗೆ ಅಂಟಿಸುವ ಸ್ಟಿಕ್ಕರಿನ ಅಯಸ್ಕಾಂತ ಹಿಡಿದು ಕೀಬೋರ್ಡಿನ ಅಂಚಿನಲ್ಲಿ ಆಡಿಸಿದರೆ, ಒಂದು ಜಾಗದಲ್ಲಿ ತೆರೆದ ಲ್ಯಾಪ್‌ಟಾಪೇ ಮಲಗಬಹುದು. ನಮ್ಮ ಹುಡುಗನ ಲ್ಯಾಪ್‌ಟಾಪ್ ಯಾಕೆ ಸುಮ್ನೆ ಸುಮ್ನೆ ಮಲಗುತ್ತೆ ಅಂತ ತಿಂಗಳಿಂದ ತಲೆ ಕೆಟ್ಟಿತ್ತು. ಅವನು ಅದನ್ನು ಇನ್ನೊಂದು ಮುಚ್ಚಿದ ಲ್ಯಾಪ್‌ಟಾಪಿನ ಮೇಲಿಟ್ಟು ಕೆಲಸ ಮಾಡುತ್ತಿದ್ದ, ಅಷ್ಟೇ.

ರೌಟರ್‌ಗೂ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಸಿ, ಸಾವಿರದ ಇನ್ನೂರರ ಆಸುಪಾಸಿಗೆ ಸಿಗುತ್ತದೆ. ಸರ್ವರ್ ಎದ್ದಿದ್ದು ರೌಟರ್ ಆರಿದ್ದರೆ ಫೋಟೋ ತಲುಪುವ ದಾರಿಯೇ ಇರಲ್ಲ, ಅಲ್ವಾ.