ಖಂಡಿತೆ ಅಂದುಕೊಂಡು ನೋಡಿದ ಚಿತ್ರ

ಡಬ್ಲಿನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಬೀರುವಿನೊಳಗೆ ಇಟ್ಟಿರುವ ಚಿತ್ರವೊಂದಿದೆ. ಫ್ರೆಡೆರಿಕ್ ವಿಲಿಯಂ ಬರ್ಟನ್ 1864ರಲ್ಲಿ ಬರೆದದ್ದು. ಗೋಪುರದ ಮೆಟ್ಟಿಲ ಮೇಲೆ ಹೆಲ್ಲೆಲಿಲ್, ಹಿಲ್ಡೆಬ್ರಾಂಡ್ ಭೇಟಿಯಾಗುವ ದೃಶ್ಯ. ಜಲವರ್ಣವಾದ್ದರಿಂದ ಬೆಳಕಿಗೆ ಮಾಸುತ್ತದೆಂದು ವಾರದಲ್ಲಿ ಕೆಲವೇ ಗಂಟೆ ಬಾಗಿಲು ತೆರೆಯುತ್ತಾರೆ. ಮೊದಲ ಸಲ ಹೋದಾಗ ಮುಚ್ಚಿತ್ತು. ದೇವಸ್ಥಾನಕ್ಕೆ ಹೋಗಿ ಎಳೆದ ಪರದೆ ನೋಡಿ ಬಂದ ಹಾಗಾಯಿತು.

ಪಕ್ಕದ ಫಲಕವನ್ನು ಕೊನೆಗೆ ಓದುವುದು ನನ್ನ ರೂಢಿ. ಎರಡನೇ ಸಲ ಹೋದಾಗ ಕಂಡದ್ದನ್ನಷ್ಟೇ ಬರೆದುಕೊಂಡೆ: ಸುರುಳಿ ಮೆಟ್ಟಿಲು. ನೀಲಿ ಉಡುಪಿನ ಹೆಣ್ಣು, ಮುಖ ಗೋಡೆಯತ್ತ. ಉಕ್ಕಿನ ಕವಚದ ಯೋಧ ಅವಳ ತೋಳಿಗೆ ಮುಖ ಒತ್ತಿದ್ದಾನೆ. ಮೆಟ್ಟಿಲ ಮೇಲೆ ಉದುರಿದ ಎಸಳು. ಕೆಳಗೆ ಧೈರ್ಯವಾಗಿ ಸೇರಿಸಿದೆ: ‘ಖಂಡಿತಾ ನಾಯಿಕೆ. ಇವನು ಕ್ಷಮೆ ಕೇಳುತ್ತಿದ್ದಾನೆ.’ ಖಂಡಿತೆ ಅಂದರೆ ನಲ್ಲ ಬೇರೊಬ್ಬಳ ಬಳಿ ಹೋಗಿ ಬಂದನೆಂದು ಮುನಿದ ನಾಯಿಕೆ. ಹದಿನೈದು ವರ್ಷ ಭರತನಾಟ್ಯ ಕಲಿತವಳಿಗೆ ಮುಖ ತಿರುಗಿಸಿದ ಹೆಣ್ಣು ಅಂದರೆ ಮುನಿಸೇ.

ಮನೆಗೆ ಬಂದು ಆ ಭಂಗಿ ಹಿಡಿದು ನೋಡಿದೆ. ಯಜಮಾನರನ್ನು ಮೆಟ್ಟಿಲ ಮೇಲೆ ನಿಲ್ಲಿಸಿದೆ. “ಇದೆಲ್ಲಾ ಈಗಲೇ ಆಗಬೇಕಾ, ಒಲೆ ಮೇಲೆ ಹಾಲಿದೆ” ಅಂದರು. ಖಂಡಿತೆಯ ಹಾಗೆ ಮುಖ ತಿರುಗಿಸಿದರೆ ಭುಜವೂ ಜೊತೆಗೇ ತಿರುಗುತ್ತದೆ, ಕೈ ತಾನಾಗಿ ಬಿಡಿಸಿಕೊಳ್ಳುತ್ತದೆ. ಚಿತ್ರದಲ್ಲಿ ಹಾಗಿಲ್ಲ. ಮುಖ ಅತ್ತ ಹೋಗಿದೆ, ತೋಳು ಮಾತ್ರ ಅವನ ಪಾಲಿಗೇ ಬಿಟ್ಟಿದೆ. ಕೋಪವಿದ್ದವಳು ಮೊದಲು ಎಳೆದುಕೊಳ್ಳುವುದೇ ಕೈಯನ್ನು. ಇವಳಿಗೆ ಅವನ ಮುಖ ನೋಡುವ ಶಕ್ತಿ ಇಲ್ಲ, ಅಷ್ಟೆ. (ಹಾಲು ಉಕ್ಕಿತು.)

ಆಮೇಲೆ ಕಥೆ ಓದಿದೆ. ಡೆನ್ಮಾರ್ಕಿನ ಹಳೆಯ ಲಾವಣಿ. ವಿಟ್ಲಿ ಸ್ಟೋಕ್ಸ್ 1855ರಲ್ಲಿ ಇಂಗ್ಲಿಷಿಗೆ ತಂದದ್ದು. ಹೆಲ್ಲೆಲಿಲ್ ತನ್ನ ಕಾವಲಿನವನಾದ ಹಿಲ್ಡೆಬ್ರಾಂಡನನ್ನೇ ಪ್ರೀತಿಸಿದಳು. ಅವನನ್ನು ಕೊಲ್ಲಲು ತಂದೆ ಏಳು ಗಂಡುಮಕ್ಕಳನ್ನು ಕಳಿಸಿದ. ತಂದೆ ಮತ್ತು ಆರು ಅಣ್ಣತಮ್ಮಂದಿರು ಅವನ ಕೈಯಲ್ಲಿ ಸತ್ತ ಮೇಲೆ, ಕಿರಿಯವನನ್ನಾದರೂ ಉಳಿಸೆಂದು ಅವಳು ಅಡ್ಡ ಬರುತ್ತಾಳೆ. ಗಾಯಗಳಿಂದ ಹಿಲ್ಡೆಬ್ರಾಂಡನೂ ಸಾಯುತ್ತಾನೆ. ಇಷ್ಟು ರಕ್ತವಿರುವ ಕಥೆಯಲ್ಲಿ ಬರ್ಟನ್ ಕಾಳಗದ ಗೋಜಿಗೇ ಹೋಗದೆ ಅದಕ್ಕೂ ಮೊದಲಿನ ಒಂದು ಗಳಿಗೆಯನ್ನು ಕಲ್ಪಿಸಿಕೊಂಡ. ಯಾರ ಹೆಜ್ಜೆ ಸಪ್ಪಳವಾದರೂ ಮುಗಿದುಹೋಗುವ ಗಳಿಗೆ.

ಮೂರನೇ ಸಲ ಹೋದಾಗ ತೋಳನ್ನು ಮಾತ್ರ ನೋಡುತ್ತಾ ನಿಂತೆ. ಮುತ್ತು ಕೊಟ್ಟದ್ದು ತೋಳಿಗೂ ಅಲ್ಲ, ತೋಳು ಮುಚ್ಚಿದ ಬಟ್ಟೆಗೆ. ನನ್ನ ಟಿಪ್ಪಣಿಯಲ್ಲಿ ಅದು ಇರಲೇ ಇಲ್ಲ.